ಟವೆಲ್ಲಿನ ಕೆಳಗಿನ ಕೈ

ಆದೋನಿಯ ದನದ ಸಂತೆಯಲ್ಲಿ ದಲ್ಲಾಳಿಗಳು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಬಲಗೈ ಮೇಲೆ ಟವೆಲ್ ಹಾಕುತ್ತಾರೆ, ಎದುರಿನವನು ಅದರಡಿ ಕೈ ತೂರಿಸುತ್ತಾನೆ, ಯಾವ ಬೆರಳು ಒತ್ತಿದ ಎನ್ನುವುದೇ ದರ. ಲಾಲಪ್ಪ ಈ ಕೆಲಸದಲ್ಲೇ ತಲೆ ನರೆಸಿಕೊಂಡವನು. ಹೆಂಡತಿ ಉರುಕುಂದಮ್ಮ ತೀರಿಕೊಂಡ ಮೇಲೆ ಅವನ ಕೈಯನ್ನು ಇನ್ನೊಂದು ಜೀವ ಮುಟ್ಟುತ್ತಿದ್ದುದು ಆ ಟವೆಲ್ಲಿನ ಕೆಳಗೆ ಮಾತ್ರ. ನಗಬೇಡಿ. ಮಕ್ಕಳಿಲ್ಲದ ಒಂಟಿ ಗಂಡಸನ್ನು ಬೇರೆ ಯಾರು ಬಂದು ಮುಟ್ಟುತ್ತಾರೆ?

ಅಂಥ ಕೈಗೇ ಲಕ್ವ ಹೊಡೆಯಬೇಕೇ! ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಕಾಲೂ ನಡೆಯತೊಡಗಿತು. ಬಲಗೈ ಮಾತ್ರ ತೋಳಿಗೆ ಕಟ್ಟಿದ ಸೋರೆಕಾಯಿಯ ಹಾಗೆ ಜೋತುಬಿತ್ತು. ಎಡಗೈ ಚಾಚೋಣವೆಂದರೆ, ಎತ್ತಿನ ವ್ಯಾಪಾರಕ್ಕೆ ಎಡಗೈ ಕೊಟ್ಟವನನ್ನು ಸಂತೆಯವರು ಸುಮ್ಮನೆ ಬಿಟ್ಟಾರೆಯೇ?

ಪಕ್ಕದ ಮನೆಯ ಸೊಸೆ ಸುಹಾಸಿನಿ ಇನ್ಶೂರೆನ್ಸ್ ಏಜೆಂಟು. ಹಿಂದೊಮ್ಮೆ ಬೆನ್ನು ಬಿದ್ದು ಲಾಲಪ್ಪನಿಗೆ ಪಾಲಿಸಿ ಮಾಡಿಸಿದ್ದವಳು ಈಗ ಬಂದು ಕೂತು ಬಿಡಿಸಿ ಹೇಳಿದಳು.

“ಮಾವ, ಇದು ಸತ್ತ ಮ್ಯಾಲ ಬರೋ ರೊಕ್ಕ ಅಲ್ರಿ. ಬದುಕಿದ್ದು ದುಡಿಯಾಕ ಆಗದಿದ್ರ ಬರೋದು. ಲಕ್ವ ಹೊಡದೈತಿ ಅಂದ್ರ ಸಾಲಂಗಿಲ್ಲ. ಮೂರು ತಿಂಗಳಾದ್ರೂ ಕೈಗೆ ಜೀವ ಬಂದಿಲ್ಲ, ನಿಮ್ಮ ದಲ್ಲಾಳಿ ಕೆಲಸ ಆಗಂಗಿಲ್ಲ ಅಂತ ಅವರಿಗೆ ಖಾತ್ರಿ ಆಗಬೇಕು. ಆಫೀಸರು ಸಂತಿಗೇ ಬಂದು ಕೇಳ್ತಾರ. ಎಲ್ಲಾರ ಮುಂದ ಖರೇ ಹೇಳಿಬಿಡ್ರಿ.”

“ಹೇಳಿದ ಮ್ಯಾಲ ನನ್ನ ಕೈಯಾಗ ಯಾರವ್ವಾ ಕೈ ಇಡ್ತಾರ?”

ಸುಹಾಸಿನಿ ಅವನ ಚಹಾದ ಲೋಟ ತೊಳೆದಿಟ್ಟು ಹೋದಳು.

ನಿಜ ಹೇಳಬೇಕೆಂದರೆ ಲಾಲಪ್ಪ ಸಂತೆಯಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಜ್ವರ ಬಂದಿತ್ತು ಎಂದಷ್ಟೇ ಹೇಳಿದ್ದ. ಮಾರುವವರ ದರವನ್ನು ಕಿವಿಮಾತಿನಲ್ಲೇ ಕೇಳಿಕೊಂಡು, ಕೊಳ್ಳುವವರ ಕಡೆಯ ದಲ್ಲಾಳಿ ಮಾರೆಪ್ಪನ ಜೊತೆಗೆ ಮಾತ್ರ ಟವೆಲ್ ಹಾಕುತ್ತಿದ್ದ. ಇಬ್ಬರೂ ಹುಡುಗರಾಗಿದ್ದಾಗಿನಿಂದ ಜೊತೆಗಾರರು. ಲಾಲಪ್ಪ ಬೆರಳು ಒತ್ತಲು ಜೀವವನ್ನೆಲ್ಲ ಒಟ್ಟುಗೂಡಿಸುತ್ತಿದ್ದ. ಅವನಿಗೇನೂ ತಿಳಿಯುತ್ತಿರಲಿಲ್ಲ, ಆದರೆ ಟವೆಲ್ ಅಲುಗುತ್ತಿತ್ತು! ಮಾರೆಪ್ಪ “ಹ್ಞೂ, ತಿಳೀತು ಬಿಡು” ಎನ್ನುತ್ತಿದ್ದ, ವ್ಯಾಪಾರ ಕುದುರುತ್ತಿತ್ತು.

ಮನೆಯಲ್ಲಿ ಅದೇ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಗದರಿದರೂ ಒಂದು ಬೆರಳೂ ಮಿಸುಕುತ್ತಿರಲಿಲ್ಲ. ಬಹುಶಃ ಇನ್ನೊಬ್ಬರ ಕೈ ಸೋಕಿದರೆ ಮಾತ್ರ ಇದಕ್ಕೆ ಎಚ್ಚರವಾಗುತ್ತದೆ ಎಂದುಕೊಂಡ. ಪಾಪ, ಆ ಒಂದು ಆಸೆಯ ಮೇಲೆಯೇ ವಾರಗಳನ್ನು ದೂಡುತ್ತಿದ್ದ.

ಕರ್ನೂಲಿನಿಂದ ಗೋವರ್ಧನ ಎಂಬ ಆಫೀಸರು ಸಂತೆಗೇ ಬಂದು ಕೈಯ ವಿಷಯ ಕೇಳಿದರು. ಲಾಲಪ್ಪ ಎತ್ತಿನ ಬೆನ್ನು ಸವರುತ್ತ ನಿಂತುಬಿಟ್ಟ. ಮಾರೆಪ್ಪನೇ ಮುಂದೆ ನುಗ್ಗಿದ. ಗೆಳೆಯನ ಮಾನ ಕಾಯುವ ಭರದಲ್ಲಿ ಅವನಿಗೆ ಪಾಲಿಸಿಯ ಲೆಕ್ಕವೆಲ್ಲಿ ಗೊತ್ತು!

“ಯಾರ್ರೀ ಹೇಳಿದ್ದು ಇವನ ಕೈ ಹೋಗೈತಿ ಅಂತ? ಈ ಸಂತ್ಯಾಗ ಇಂಥಾ ಕೈ ಇನ್ನೊಂದಿಲ್ಲ. ನೋಡ್ರಿ ಇಲ್ಲಿ!” ಎಂದವನೇ ಲಾಲಪ್ಪನ ಕೈ ಎಳೆದುಕೊಂಡು ಮೇಲೆ ಟವೆಲ್ ಹಾಕಿದ. ಟವೆಲ್ ಅಲುಗಿತು.

“ಬೆರಳು ಆಡ್ತಾವಲ್ಲ! ಹಂಗಾದ್ರ ರೊಕ್ಕ ರಾದಯ್ಯಾ, ಬರಂಗಿಲ್ಲ,” ಎಂದು ಆಫೀಸರು ಬ್ಯಾಗು ಹೆಗಲಿಗೇರಿಸಿದರು.

ರೊಕ್ಕ ಹಾಳಾಗಿ ಹೋಗಲಿ! ಬೆರಳು ಆಡುತ್ತಿವೆಯೆಂದು ಹೊರಗಿನವರೇ ಹೇಳಿದರಲ್ಲ! ಲಾಲಪ್ಪನ ಎದೆ ತುಂಬಿ ಬಂತು. ಎಲ್ಲರೂ ಕಣ್ಣಾರೆ ನೋಡಲಿ ಎಂದು ಎಡಗೈಯಿಂದ ಟವೆಲ್ ಕಿತ್ತೆಸೆದ.

ಮಾರೆಪ್ಪನ ಬೆರಳುಗಳು ಲಾಲಪ್ಪನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದವು. ಎಳೆಮಗುವಿನ ಕೈಯನ್ನು ಮಡಿಸುವಂತೆ, ಮೆತ್ತಗೆ.

ಆಫೀಸರು ಮತ್ತೆ ಹತ್ತಿರ ಬಂದು, ಆ ಕೈಯನ್ನು ತಾವೇ ಎತ್ತಿ ಬಿಟ್ಟು ನೋಡಿದರು. ಅದು ಧಪ್ಪನೆ ಕೆಳಗೆ ಬಿತ್ತು. “ರೊಕ್ಕ ಬರಂಗ ಬರಿತೀನಯ್ಯಾ,” ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದರು. ಸುತ್ತ ನಿಂತವರು ಒಬ್ಬೊಬ್ಬರೇ ತಮ್ಮ ತಮ್ಮ ದನಗಳ ಕಡೆ ಸರಿದರು. ಲಾಲಪ್ಪನನ್ನು ಮಾತಾಡಿಸದೆ ಹೋದರು.

“ಯಾವಾಗಿಂದ ಗೊತ್ತಲೇ ನಿನಗ?”

“ಮೊದಲನೇ ವಾರದಿಂದ. ಎತ್ತು ನೋಡಿದ್ರ ದರ ನನಗೂ ತಿಳಿತೈತಿ. ಟವೆಲ್ ಅಲುಗದಿದ್ರ ಸಂತಿಗೆಲ್ಲ ಗೊತ್ತಾಗ್ತಿತ್ತಲ್ಲೋ ಮಾರಾಯಾ.” ಮಾರೆಪ್ಪ ಆ ಕೈಯನ್ನು ಮತ್ತೆ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಗಟ್ಟಿಯಾಗಿ ಹಿಡಿದ. “ಹಿಡಕಂಡೀನಿ. ಗೊತ್ತಾಗವಲ್ದೇನು?”

“ಇಲ್ಲ.”

“ಹಂಗಾರ ನೋಡಕಂತ ನಿಂದ್ರು.”

ಲಾಲಪ್ಪ ನೋಡುತ್ತ ನಿಂತ. ಅಷ್ಟರಲ್ಲಿ ಆಚೆಯಿಂದ ಯಾರೋ ಮಾರೆಪ್ಪನನ್ನು ವ್ಯಾಪಾರಕ್ಕೆ ಕೂಗಿದರು. ಲಾಲಪ್ಪನ ಕಣ್ಣು ತುಂಬಿಕೊಂಡು ಏನೂ ಕಾಣದಂತಾಯಿತು. ಮಾರೆಪ್ಪ ಕೈ ಬಿಟ್ಟನೋ, ಇನ್ನೂ ಹಿಡಿದೇ ಇದ್ದಾನೋ, ಅವನಿಗೆ ಗೊತ್ತಾಗಲಿಲ್ಲ.