ದಿವಂಗತರ ಬೇಸ್ ಗಿಟಾರ್

ತಾವು ಸತ್ತುಹೋದ ಸುದ್ದಿಯನ್ನು ಕನ್ನಡಕದಂಗಡಿಯ ಯಜಮಾನರು ಓದಿದ್ದು ಫೋನಿನಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ. ಹಳೆಯ ಗಿಟಾರು, ಅದರ ದನಿ ಹಿಗ್ಗಿಸುವ ಆಂಪು, ಡ್ರಮ್ಮುಗಳನ್ನು ತಮ್ಮತಮ್ಮಲ್ಲೇ ಕೊಂಡು ಮಾರುವ ಹವ್ಯಾಸಿಗಳ ಗುಂಪೊಂದಿತ್ತು. ಯಜಮಾನರು ಆ ಗುಂಪಿನಲ್ಲಿದ್ದರೂ ಏನನ್ನೂ ಕೊಳ್ಳುವವರಲ್ಲ, ಸುಮ್ಮನೆ ನೋಡುವ ಚಟ ಅಷ್ಟೇ. ಅವತ್ತು ದಪ್ಪ ತಂತಿಯ, ತಗ್ಗು ದನಿಯ ಒಂದು ಬೇಸ್ ಗಿಟಾರಿನ ಫೋಟೊ ಬಂದಿತ್ತು. ಕೆಳಗೆ ಹೀಗೆ ಬರೆದಿತ್ತು:

‘ಹಿರಿಯ ಕಲಾವಿದರೊಬ್ಬರು ಜೀವಮಾನವಿಡೀ ವೇದಿಕೆಯ ಮೇಲೆ ನುಡಿಸಿದ ವಾದ್ಯ. ಒಂದೊಂದು ಗೀರಿನ ಹಿಂದೆಯೂ ಒಂದೊಂದು ಕಥೆ ಇದೆ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಕಣ್ಣೀರಿಡುತ್ತಾ ನನ್ನ ಕೈಗೆ ಒಪ್ಪಿಸಿದರು. ನಿಜವಾಗಿ ನುಡಿಸುವವರು ಮಾತ್ರ ಕೇಳಿ.’

ಅಯ್ಯೋ ಪಾಪ ಎಂದುಕೊಂಡೇ ಯಜಮಾನರು ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಗಿಟಾರಿನ ಮೈಮೇಲೆ ಮುಂಗೈ ಒರಗುವ ಕಡೆ ಬಣ್ಣ ಎದ್ದುಹೋಗಿ ಬರೀ ಮರ ಕಾಣುತ್ತಿತ್ತು. ಅಂಚಿನಲ್ಲಿ ಬಿಸಿ ತಾಗಿದಂಥ ಕಪ್ಪು ಕಲೆ. ತಂತಿಗಳು ಬಂದು ಕೂರುವ ಲೋಹದ ಪಟ್ಟಿಯ ಪಕ್ಕದಲ್ಲಿ, ಮರದಲ್ಲೇ ಮೂಡಿದ ಒಂದು ಗಂಟು, ಅರ್ಧ ಮುಚ್ಚಿದ ಕಣ್ಣಿನ ಹಾಗೆ. ಹಗಲೆಲ್ಲ ಊರ ಜನರ ಕಣ್ಣು ನೋಡುತ್ತಾ ಬದುಕುವ ಮನುಷ್ಯ ಆ ಕಣ್ಣನ್ನು ಮರೆಯುವುದುಂಟೇ? ಅದು ಅವರದೇ ಗಿಟಾರು. ಚಿಕ್ಕ ಮನೆಗೆ ಬಂದಾಗ ಮಂಚದ ಕೆಳಗೆ ಜಾಗ ಸಾಲದೆ, ಎದೆ ಗಟ್ಟಿ ಮಾಡಿಕೊಂಡು, ‘ಜೋಪಾನ ಮಾಡುವವರಿಗೇ ಕೊಡಪ್ಪಾ’ ಎಂದು ಹೆಂಡತಿಯ ತಮ್ಮನ ಕೈಗೆ ಕೊಟ್ಟದ್ದು. ಜಾಹೀರಾತು ಹಾಕಿದವನೂ ಅವನೇ. ಅಂದರೆ ತೀರಿಕೊಂಡ ಹಿರಿಯ ಕಲಾವಿದರು ತಾವೇ. ಕಣ್ಣೀರಿಟ್ಟ ಹೆಂಡತಿ ಎಂದರೆ ಒಳಗೆ ಕೂತು ಲೆನ್ಸಿನ ಪೊಟ್ಟಣ ಜೋಡಿಸುತ್ತಿದ್ದ ತಮ್ಮ ಹೆಂಡತಿ.

ಯಜಮಾನರ ಪಿತ್ತ ನೆತ್ತಿಗೇರಿತು. ನಿಜ ಹೇಳಬೇಕೆಂದರೆ, ತಮ್ಮನ್ನು ಸಾಯಿಸಿದ್ದಕ್ಕಿಂತ ಆ ಗೀರುಗಳನ್ನು ಕಂಡು ಅವರ ಹೊಟ್ಟೆ ಹೆಚ್ಚು ಉರಿಯಿತು. ಅವರು ಆ ಗಿಟಾರನ್ನು ಅಂಗೈಯಲ್ಲಿಟ್ಟು ಸಾಕಿದ್ದರು. ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದರು, ಗಡಿಯಾರ ಬಿಚ್ಚಿಡುತ್ತಿದ್ದರು, ಬಕಲ್ಲು ತಾಗೀತೆಂದು ಬೆಲ್ಟನ್ನೂ ತೆಗೆಯುತ್ತಿದ್ದರು. ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಗಿಟಾರು ನುಡಿಸುವುದು ಹೇಗೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ನುಡಿಸಿ ಆದ ಮೇಲೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಒಂದೊಂದು ತಂತಿಯನ್ನೂ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ನೆಂಟರ ಮಕ್ಕಳು ಬಂದರೆ ಕೋಣೆಗೆ ಬೀಗ. ಇಪ್ಪತ್ತು ವರ್ಷ ಒಂದು ಕೂದಲೆಳೆಯ ಗೀರೂ ಬಿದ್ದಿರಲಿಲ್ಲ. ಬಹಳ ನುಡಿಸಿ ಸವೆದಂತೆ ಕಾಣಲಿ ಎಂದು ಆ ಬಡ್ಡೀಮಗ ಅದನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ದ.

“ಬಾ ಇಲ್ಲಿ, ನಿನ್ನ ತಮ್ಮ ಏನು ಬರೆದಿದಾನೆ ನೋಡು,” ಎಂದು ಹೆಂಡತಿಯನ್ನು ಕರೆದರು.

ಅವಳು ಕನ್ನಡಕ ಏರಿಸಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು.

“ನಾನು ಅತ್ತೆನಾ?” ಎಂದಳು. “ಆ ಪೆಟ್ಟಿಗೆ ಮನೆಯಿಂದ ಹೋದ ದಿನ ಮಂಚದ ಕೆಳಗೆ ಗುಡಿಸಿ, ಒರೆಸಿ, ಹಾಯಾಗಿ ನಿದ್ದೆ ಮಾಡಿದೀನಿ. ಊರಿನವರ ಮುಂದೆ ನನ್ನ ತಾಳಿ ಕಿತ್ತು ಹಾಕಿದಾನಲ್ಲ ಇವನು. ನನ್ನ ತಮ್ಮ ಅಂತ ಮುಖ ನೋಡಬೇಡಿ, ಹೋಗಿ ಚೆನ್ನಾಗಿ ಉಗಿದು ಬನ್ನಿ.”

ಅಷ್ಟರಲ್ಲಿ ಜಾಹೀರಾತಿನ ಕೆಳಗೆ ಯಾರೋ ಒಬ್ಬರು ಬರೆದರು: ‘ಓದಿ ಕಣ್ಣು ತುಂಬಿ ಬಂತು. ಈಗಲೇ ಹೊರಟೆ. ಬೇರೆಯವರಿಗೆ ಕೊಡಬೇಡಿ.’ ಯಜಮಾನರಿಗೆ ಇನ್ನು ಕೂರಲಾಗಲಿಲ್ಲ. ಯಾರೋ ಪಾಪದವರು ತಮ್ಮ ಸಾವಿಗೆ ಮರುಗಿ, ಆ ಸುಳ್ಳು ಗೀರುಗಳಿಗೆ ದುಡ್ಡು ಸುರಿಯುವ ಮೊದಲು ಅಲ್ಲಿಗೆ ತಲುಪಬೇಕಿತ್ತು. ತಾವು ಬದುಕಿದ್ದೇವೆ ಎಂದು ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ವರ್ಷ ತಾವು ಆ ಗಿಟಾರನ್ನು ಹೇಗೆ ಇಟ್ಟುಕೊಂಡಿದ್ದೆವು ಎಂಬುದನ್ನು ಹೇಳಬೇಕಿತ್ತು. ಅಂಗಡಿಯನ್ನು ಹೆಂಡತಿಗೆ ಬಿಟ್ಟು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡರು.

ಭಾಮೈದ ಇನ್ಶೂರೆನ್ಸ್ ಏಜೆಂಟು. ಸಾವಿನ ಮಾತೆತ್ತಿಯೇ ಹೊಟ್ಟೆ ಹೊರೆಯುವವನಿಗೆ ಮನೆಯವರನ್ನೊಬ್ಬರನ್ನು ಕಾಗದದ ಮೇಲೆ ಸಾಯಿಸುವುದು ಯಾವ ಲೆಕ್ಕ? ಹಳೇ ವಾದ್ಯಗಳ ವ್ಯಾಪಾರ ಅವನ ರಜಾದಿನದ ಹುಚ್ಚು. ಅದಕ್ಕೆಂದೇ ಮೋಟರು ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಇಟ್ಟುಕೊಂಡಿದ್ದ. ಮೆಟ್ಟಿಲಲ್ಲೇ ಬಣ್ಣ ಕರಗಿಸುವ ಥಿನ್ನರಿನ ವಾಸನೆ ಯಜಮಾನರ ಮೂಗಿಗೆ ಹೊಡೆಯಿತು. ಬಾಗಿಲು ತೆರೆದೇ ಇತ್ತು. ಒಂದರ ಮೇಲೊಂದು ಪೇರಿಸಿದ ಆಂಪುಗಳು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಗಿಟಾರುಗಳು, ಕಿಟಕಿಯ ಕಟ್ಟೆಯ ಮೇಲೆ ಸವೆದ ಸ್ಯಾಂಡ್‌ಪೇಪರಿನ ತುಂಡುಗಳು, ಪಕ್ಕದಲ್ಲಿ ಬೂಟ್ ಪಾಲಿಶಿನ ಡಬ್ಬಿ. ಗೀರಿನೊಳಗೆ ಹಳೆಯ ಕೊಳೆ ಕಾಣಲಿ ಎಂದು ತಿಕ್ಕಿದ್ದು ಅದನ್ನೇ ಇರಬೇಕು. ಇಂಥವನನ್ನು ಏನು ಮಾಡಬೇಕು, ನೀವೇ ಹೇಳಿ.

ಆದರೆ ಯಜಮಾನರು ತಡವಾಗಿ ಬಂದಿದ್ದರು. ಕೋಣೆಯ ಮಧ್ಯೆ ಸ್ಟೂಲಿನ ಮೇಲೆ, ಆಂಬುಲೆನ್ಸ್ ಓಡಿಸುವವರ ಸಮವಸ್ತ್ರದಲ್ಲಿ, ಗಟ್ಟಿಮುಟ್ಟಾದ ನಡುವಯಸ್ಸಿನ ಹೆಂಗಸೊಬ್ಬಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಣ್ಣ ಹೋದ ಜಾಗವನ್ನು ಮೆಲ್ಲಗೆ ಸವರುತ್ತಿದ್ದಳು. ಭಾಮೈದ ಬಾಗಿಲಲ್ಲಿ ಭಾವನನ್ನು ಕಂಡು ಒಂದು ಗಳಿಗೆ ಬೆಪ್ಪಾದ. ಆಮೇಲೆ ಏಜೆಂಟನ ನಾಲಿಗೆ ತಾನೇ ಎದ್ದಿತು.

“ಬನ್ನಿ ಬನ್ನಿ. ಮೇಡಂ, ಇವರು ಅವರ ಅಣ್ಣ.”

ಅವಳು ಗಿಟಾರು ಹಿಡಿದುಕೊಂಡೇ ಎದ್ದು ನಿಂತಳು.

“ನಿಮ್ಮ ತಮ್ಮನ ವಿಷಯ ಕೇಳಿ ತುಂಬಾ ಬೇಜಾರಾಯ್ತು ಸರ್. ಎಂಥ ಮನುಷ್ಯ. ಒಂದು ಸಲ ಕರೆಂಟ್ ಹೋದಾಗ ಉಳಿದವರೆಲ್ಲ ನಿಲ್ಲಿಸಿದರೂ ಇವರೊಬ್ಬರು ಕತ್ತಲಲ್ಲೇ ನುಡಿಸ್ತಾ ಇದ್ದರಂತಲ್ಲ? ಜನ ಕೂತಲ್ಲಿಂದ ಏಳಲಿಲ್ಲವಂತೆ. ಜ್ವರ ಬಂದರೂ ತಪ್ಪಿಸ್ತಿರಲಿಲ್ಲವಂತೆ. ಕಲಿಯೋಕೆ ಬಂದವರ ಕೈಗೆ ಇದನ್ನೇ ಕೊಟ್ಟು, ಬಿದ್ದರೆ ಬೀಳಲಿ ನುಡಿಸು ಅಂತಿದ್ದರಂತೆ.”

ಯಜಮಾನರು ಭಾಮೈದನ ಮುಖ ನೋಡಿದರು. ಅವನು ಕೈಮುಗಿಯುವುದೊಂದು ಬಾಕಿ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೈಗುಳಗಳಲ್ಲಿ ಒಂದೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

“ನನಗೆ ತಮ್ಮ ಇಲ್ಲಮ್ಮ,” ಎಂದರು. “ಸತ್ತವನು ನಾನೇ.”

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ದಿನಾ ಆಂಬುಲೆನ್ಸ್ ಓಡಿಸ್ತೀನಿ. ಸತ್ತವರು ಹೇಗಿರ್ತಾರೆ ಅಂತ ನನಗೆ ಗೊತ್ತು. ನೀವು ಹಾಗಿಲ್ಲ,” ಎಂದು ಭಾಮೈದನ ಕಡೆ ತಿರುಗಿದಳು. “ಏನ್ರೀ ಇದು?”

ಆಗ ಬಂತು ನೋಡಿ ಯಜಮಾನರಿಗೆ ಮಾತು. ಕಟ್ಟೆ ಒಡೆದ ಹಾಗೆ ಬಂತು. ಇವನು ಹೆಂಡತಿಯ ತಮ್ಮ ಎಂದರು, ಮನೆಯಲ್ಲಿ ಉಂಡು ಹೋಗುವವನು ಎಂದರು, ತಿಂದ ಮನೆಯ ಯಜಮಾನನನ್ನೇ ಸಾಯಿಸಿ ದುಡ್ಡು ಮಾಡಲು ಹೊರಟವನು ಎಂದರು. ಕಿಟಕಿ ಕಟ್ಟೆಯಿಂದ ಸ್ಯಾಂಡ್‌ಪೇಪರಿನ ತುಂಡು ತಂದು ಅವಳ ಕೈಗೇ ಇಟ್ಟರು. “ನೋಡಿ, ನೀವು ಸವರ್ತಾ ಇದ್ದಿರಲ್ಲ, ಅದು ಯಾರ ಕೈಯೂ ಸವೆಸಿದ್ದಲ್ಲ, ಇದು ಸವೆಸಿದ್ದು. ಈ ಗಿಟಾರಿನ ಮೇಲೆ ಒಂದು ಗೀರೂ ಇರಲಿಲ್ಲ ತಾಯಿ. ಹಸುಗೂಸಿನ ಹಾಗೆ ನೋಡ್ಕೊಂಡಿದ್ದೆ. ಕೊಂಡ ದಿನ ಹೇಗಿತ್ತೋ ಕೊಟ್ಟ ದಿನಾನೂ ಹಾಗೇ ಇತ್ತು.” ಸಿಟ್ಟು ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ಭಾಮೈದ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿದ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ.

“ತಪ್ಪಾಯ್ತು ಭಾವ. ಅಕ್ಕನ್ನ ಅಳಿಸಿದ್ದು ಇನ್ನೂ ದೊಡ್ಡ ತಪ್ಪು. ಆದರೆ ಮೊದಲು ಇನ್ನೊಂದು ಗುಂಪಿನಲ್ಲಿ ನಾನು ನಿಜಾನೇ ಬರೆದಿದ್ದೆ. ಹೊಸದರ ಹಾಗಿದೆ, ಮನೆಯಲ್ಲೇ ಇತ್ತು, ಹೆಚ್ಚು ನುಡಿಸಿಲ್ಲ ಅಂತ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಇಷ್ಟು ವರ್ಷ ಇಟ್ಕೊಂಡು ಯಾಕೆ ನುಡಿಸಿಲ್ಲ? ಗಿಟಾರಿನ ಕತ್ತು ಬಗ್ಗಿದೆಯಾ? ದನಿ ಸರಿ ಇಲ್ವಾ? ನಮ್ಮ ಜನ ಹೇಗೆ ಅಂತ ನಿಮಗೇ ಗೊತ್ತಲ್ಲ. ನುಡಿಸದೇ ಬಿಟ್ಟ ಬೇಸ್ ಅಂದರೆ ಏನೋ ಐಬು ಇರಲೇಬೇಕು ಅಂತಾರೆ. ಎತ್ತಿ ನೋಡ್ತಾರೆ, ವಾಪಸ್ ಇಟ್ಟು ಹೋಗ್ತಾರೆ. ಅವರಿಗೆ ನಾನು ಏನು ಹೇಳಲಿ? ನಮ್ಮ ಭಾವನಿಗೆ ಗೀರು ಬೀಳುತ್ತೆ ಅಂತ ಭಯ ಅಂತ ಹೇಳಲಾ?”

“ಅದಕ್ಕೆ ಸಾಯಿಸಿಬಿಡೋದಾ?”

“ಸತ್ತವರನ್ನ ಯಾರೂ ಯಾಕೆ ಅಂತ ಕೇಳಲ್ಲ ಭಾವ.”

ಯಜಮಾನರು ಕೈ ಎತ್ತಿಯೇ ಬಿಡುತ್ತಿದ್ದರೇನೋ. ಅಷ್ಟರಲ್ಲಿ ಅವಳು ನಡುವೆ ಬಂದಳು. ಅವಳ ದನಿಯಲ್ಲಿ ಮರುಕವೂ ಇರಲಿಲ್ಲ, ಗೌರವವೂ ಇರಲಿಲ್ಲ. ಮೋಸ ಹೋಗಲಿದ್ದವಳ ಬಿರುಸು ಇತ್ತು.

“ಇರಿ. ಹಾಗಾದರೆ ನೀವು ಇದನ್ನ ಎಲ್ಲಿ ನುಡಿಸ್ತಿದ್ದಿರಿ?”

“ಮನೆಯಲ್ಲಿ.”

“ಯಾರ ಜೊತೆ?”

ಯಜಮಾನರಿಗೆ ಹಳೆಯದೊಂದು ನೆನಪಾಯಿತು. ಗೆಳೆಯರ ಒಂದು ತಂಡ ಬಹಳ ಹಿಂದೆ ಜೊತೆಗೆ ನುಡಿಸಲು ಕರೆದಿತ್ತು. ಹೋಗಿ ನೋಡಿದರೆ ಅವರು ಸೇರುತ್ತಿದ್ದದ್ದು ಕಾರಿನ ಷೆಡ್ಡಿನಲ್ಲಿ. ನೆಲದ ತುಂಬ ಎಣ್ಣೆ, ಮೂಲೆಯಲ್ಲಿ ಕಬ್ಬಿಣದ ಸಾಮಾನು, ಎಲ್ಲಿ ಒರಗಿಸಿದರೂ ಏನಾದರೂ ತಾಗುವ ಜಾಗ. ಪೆಟ್ಟಿಗೆ ತೆರೆಯದೆಯೇ ವಾಪಸ್ಸು ಬಂದಿದ್ದರು. ಇದನ್ನು ಹೇಳುವುದು ಹೇಗೆ?

“ಒಬ್ಬನೇ,” ಎಂದರು.

“ಸರಿ, ನುಡಿಸಿ. ಬದುಕಿದ್ದೀರಲ್ಲ, ನಿಮ್ಮ ಬಾಯಲ್ಲಿ ಕೇಳೋದಕ್ಕಿಂತ ಕೈಯಲ್ಲಿ ಕೇಳ್ತೀನಿ.” ಅವಳು ಗಿಟಾರನ್ನು ಅವರ ಕೈಗೆ ದಾಟಿಸಿ ಆಂಪಿನ ಸ್ವಿಚ್ಚು ಹಾಕಿದಳು.

ಅಭ್ಯಾಸಬಲದಿಂದ ಯಜಮಾನರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಬೆಲ್ಟಿಗೆ ಹೋದ ಕೈ ಹೆಣ್ಣುಮಗಳೊಬ್ಬಳು ಇದ್ದಾಳೆಂದು ನೆನಪಾಗಿ ವಾಪಸ್ಸು ಬಂತು. ಸ್ಟೂಲಿನ ಮೇಲೆ ಕೂತು ದಪ್ಪ ತಂತಿಯನ್ನು ಮೀಟಿದರು. ಮೀಟಿದವರೇ ಬೆಚ್ಚಿಬಿದ್ದರು. ಕಿಟಕಿಯ ಗಾಜು ನಡುಗಿತು, ಗೋಡೆಯ ಗಿಟಾರುಗಳ ತಂತಿಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟಿದವು, ಸ್ಟೂಲಿನ ಕಾಲಿನಿಂದ ಅವರ ಎದೆಯವರೆಗೆ ದನಿ ಹತ್ತಿ ಬಂತು. ಮನೆಯಲ್ಲಿ ಪಕ್ಕದವರಿಗೆ ಕೇಳದಂತೆ ಸಣ್ಣಗೆ ಇಟ್ಟುಕೊಂಡು ನುಡಿಸಿದವರು ಅವರು. ತಮ್ಮ ಗಿಟಾರಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ಅವರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಸುಧಾರಿಸಿಕೊಂಡು, ತಮಗೆ ಚೆನ್ನಾಗಿ ಬರುವ ಒಂದು ಹಾಡನ್ನು ಹಿಡಿದರು. ಬೆರಳು ತಪ್ಪಲಿಲ್ಲ. ಒಂದೊಂದು ಸ್ವರವೂ ಒರೆಸಿಟ್ಟ ಗಾಜಿನ ಹಾಗೆ ಚೊಕ್ಕವಾಗಿತ್ತು. ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು.

ಅವಳು ಕಾದಳು. “ಮುಂದೆ?”

“ಅಷ್ಟೇ ಬರೋದು,” ಎಂದರು ಯಜಮಾನರು. “ಮುಂದಿನದು ಡ್ರಮ್ಮಿನವರ ಜೊತೆ ನುಡಿಸೋ ಭಾಗ.”

ಕೆಳಗಿನ ಅಂಗಡಿಯಲ್ಲಿ ಮೋಟರೊಂದು ಓಡಿ ನಿಂತಿತು.

ಅವಳು ಗಿಟಾರನ್ನು ತೆಗೆದುಕೊಂಡು ನಿಂತೇ ನುಡಿಸಿದಳು. ಅವಳದು ಒರಟು ಕೈ. ಎರಡು ಕಡೆ ತಪ್ಪಿತು, ತಪ್ಪಿದ್ದನ್ನೂ ಎಳೆದುಕೊಂಡು ಮುಂದೆ ಹೋದಳು. ಸಮವಸ್ತ್ರದ ಗುಂಡಿಗಳು ಗಿಟಾರಿನ ಬೆನ್ನಿಗೆ ತಾಗಿ ಕರಕರ ಎನ್ನುತ್ತಿದ್ದವು. ಯಜಮಾನರಿಗೆ ಆ ಸದ್ದು ಹಲ್ಲಿಗೆ ನಾಟಿದಂತಾಗುತ್ತಿತ್ತು. ಗುಂಡಿ ನೋಡಮ್ಮ ಎನ್ನಲು ಬಾಯಿ ತೆರೆದರು. ಆದರೆ ಅವರ ಕಾಲು ನೆಲದ ಮೇಲೆ ತಾಳ ಹಾಕುತ್ತಿತ್ತು. ಅವರು ಬಾಯಿ ಮುಚ್ಚಿದರು.

“ಗಿಟಾರು ಚೆನ್ನಾಗಿದೆ,” ಎಂದಳು ನಿಲ್ಲಿಸಿ. ಆಮೇಲೆ ಭಾಮೈದನಿಗೆ, “ಗಿಟಾರಿಗೆ ಎಷ್ಟೋ ಅಷ್ಟು ಕೊಡ್ತೀನಿ, ಕಥೆಗೆ ಏನೂ ಕೊಡಲ್ಲ. ಉಜ್ಜಿ ಹಾಳು ಮಾಡಿದ್ದಕ್ಕೆ ಕಡಿಮೆ ಮಾಡ್ಕೊಳ್ಳಿ. ಮತ್ತೆ ಇವತ್ತೇ ಗುಂಪಿನಲ್ಲಿ ಬರೀಬೇಕು, ನಾನೇ ಸ್ಯಾಂಡ್‌ಪೇಪರ್ ಹಾಕಿದ್ದು, ಇದರ ಯಜಮಾನರು ಬದುಕಿದಾರೆ ಅಂತ. ನೀವು ಬರೀದಿದ್ದರೆ ನಾನು ಬರೀತೀನಿ.”

ಭಾಮೈದ ತಲೆಯಾಡಿಸಿ ಒಪ್ಪಿದ. ಯಜಮಾನರಿಗೆ ಸಮಾಧಾನವಾಗಬೇಕಿತ್ತು. ಬಂದ ಕೆಲಸ ಆಗಿತ್ತು, ಸುಳ್ಳು ಬಯಲಾಗಿತ್ತು, ಆ ಹೆಂಗಸು ಟೋಪಿ ಹಾಕಿಸಿಕೊಳ್ಳಲಿಲ್ಲ. ಆದರೂ ಎದೆಯ ಉರಿ ಆರಲಿಲ್ಲ. ಯಾರ ಮೇಲಿನ ಉರಿ ಎಂಬುದು ಮಾತ್ರ ಮೊದಲಿನಷ್ಟು ಸ್ಪಷ್ಟವಾಗಿರಲಿಲ್ಲ.

ಗಿಟಾರನ್ನು ಪೆಟ್ಟಿಗೆಗೆ ಹಾಕದೆಯೇ ಹೆಗಲಿಗೇರಿಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ಅವಳ ದನಿ ಈಗ ಮೆತ್ತಗಾಗಿತ್ತು.

“ಬೇಜಾರು ಮಾಡ್ಕೋಬೇಡಿ ಸರ್. ನೀವು ಬರೋದಕ್ಕೆ ಮುಂಚೆ ಇವರು ಆ ದಿವಂಗತರ ಬಗ್ಗೆ ಹೇಳ್ತಾ ಇದ್ದರಲ್ಲ, ಸುಳ್ಳೋ ಪಳ್ಳೋ, ಅಂಥವರ ಜೊತೆ ಒಂದು ಸಲ ನುಡಿಸಬೇಕಿತ್ತು ಅನ್ನಿಸಿತ್ತು ನನಗೆ. ಅಷ್ಟೇ.”

ನೋಯಿಸಲೆಂದು ಹೇಳಿದ ಮಾತಲ್ಲ ಅದು. ಹೇಳಿ ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಉಗಿದು ಬಂದ್ರಾ?”

“ಉಗಿದೆ.”

“ಏನಂದ?”

“ತಪ್ಪಾಯ್ತು ಅಂದ. ಗುಂಪಿನಲ್ಲಿ ನಿಜ ಬರೀತಾನಂತೆ.”

“ಹಾಗೇ ಆಗಬೇಕು ಅವನಿಗೆ. ಮತ್ಯಾಕೆ ನಿಮ್ಮ ಮುಖ ಹೀಗಿದೆ?”

ಯಜಮಾನರು ಚಪ್ಪಲಿ ಬಿಚ್ಚಿ, ಕುರ್ಚಿಯಲ್ಲಿ ಕೂತು, ತಮ್ಮ ಅಂಗೈಗಳನ್ನು ನೋಡಿಕೊಂಡರು.

“ನಿನ್ನ ತಮ್ಮ ಒಬ್ಬನನ್ನ ಸಾಯಿಸಿದನಲ್ಲ,” ಎಂದರು, “ಆ ಮನುಷ್ಯ ಸಾಯೋದಕ್ಕೆ ಮುಂಚೆ ಚೆನ್ನಾಗಿ ಬದುಕಿದ್ದ ಕಣೇ.”