ಆನೆ ಬಾಲದ ಹನ್ನೊಂದು ಕೂದಲು

ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಕಾಯಿಲೆ ಬೇಗ ವಾಸಿಯಾಗದಿದ್ದರೆ, ನಮ್ಮ ಜನ ಆನೆ ಬಾಲದ ಕೂದಲಿನ ಉಂಗುರ ತೊಡಿಸುತ್ತಾರೆ. ನಾಗಪುರದ ನಮ್ಮ ಓಣಿಯಲ್ಲೂ ಹಾಗೆಯೇ. ಧಾರವಾಡದ ಕಡೆಯಿಂದ ಇಲ್ಲಿಗೆ ಬಂದು ಎಷ್ಟು ವರ್ಷವಾದರೂ ಈ ನಂಬಿಕೆಯನ್ನು ನಾವು ಬಿಟ್ಟಿರಲಿಲ್ಲ. ಅದರಿಂದ ನನ್ನ ಕೈಯಿಂದ ಒಂದು ತಪ್ಪು ನಡೆಯಿತು. ಹೇಳಲು ನಾಚಿಕೆಯಾಗುತ್ತದೆ. ಆದರೂ ನಾಲ್ಕು ಜನಕ್ಕೆ ತಿಳಿಯಲೆಂದು ಹೇಳುತ್ತೇನೆ.

2004ರ ಮೇ ತಿಂಗಳು. ನನ್ನ ಹೆಂಡತಿ ದಾಕ್ಷಾಯಿಣಿ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಆಸ್ಪತ್ರೆಯಲ್ಲಿದ್ದಾಗ ಅವಳ ಬೆರಳಿಗೆ ನಾನೇ ಆ ಉಂಗುರ ತೊಡಿಸಿದ್ದೆ. ಬೆರಳು ಬಡವಾಗಿ ಉಂಗುರ ಜಾರುತ್ತಿತ್ತು. ದಾರ ಸುತ್ತಿ ಬಿಗಿ ಮಾಡಿದ್ದೆ. ಅವಳು ಉಳಿಯಲಿಲ್ಲ. ಆದರೆ ಕೊನೆಯವರೆಗೂ ಅಂಜಲಿಲ್ಲ. ಅದು ಉಂಗುರದ ಪುಣ್ಯವೆಂದು ನನಗೆ ನಾನೇ ಹೇಳಿಕೊಂಡೆ. ಪುಣ್ಯತಿಥಿಯ ದಿನ ಹನ್ನೊಂದು ಮುತ್ತೈದೆಯರಿಗೆ ಉಡಿ ತುಂಬಿಸಿ, ಒಬ್ಬೊಬ್ಬರಿಗೂ ಅಂಥ ಒಂದು ಉಂಗುರ ಕೊಡುವೆನೆಂದು ಹರಕೆ ಹೊತ್ತೆ. ನಾಗಪುರದ ಅಂಚಿನ ವಾಡಿಯಲ್ಲಿ, ಲಾರಿಗಳು ನಿಲ್ಲುವ ಬಯಲಿನಲ್ಲಿ, ಪ್ರತಿ ಬೇಸಿಗೆಗೂ ಒಬ್ಬ ಮಾವುತ ಆನೆಯೊಡನೆ ಬಂದು ಇಳಿದುಕೊಳ್ಳುತ್ತಿದ್ದ. ಹನ್ನೊಂದು ಕೂದಲು ಬೇಕೆಂದು ಅವನಿಗೆ ಹೇಳಿ ಬಂದೆ.

ಅದೇ ವಾರ ನನ್ನ ತಮ್ಮನ ಮಗಳು ಚಾರುಲತಾ ನಮ್ಮಲ್ಲಿಗೆ ಬಂದಳು. ಪಶುವೈದ್ಯ ಓದುವ ಹುಡುಗಿ. ಥಾಯ್ಲೆಂಡಿನಲ್ಲಿ ಮುದಿ ಆನೆಗಳನ್ನೂ ಗಾಯಗೊಂಡ ಆನೆಗಳನ್ನೂ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಅಭಯಧಾಮವಿದೆ. ಅಲ್ಲಿ ಒಂದು ತಿಂಗಳು ಸಂಬಳವಿಲ್ಲದೆ ಸೇವೆ ಮಾಡಿ ಆಗಷ್ಟೇ ಮರಳಿದ್ದಳು. ಅವಳನ್ನು ನೋಡಲು ಪಕ್ಕದ ಮನೆಯ ಬಸವಣ್ಣೆವ್ವ ಬಂದಳು. ಆಕೆ ನಮ್ಮ ಓಣಿಯ ಮಹಿಳಾ ಸಂಘದ ಹಿರಿಯಳು.

"ಏನವಾ ಚಾರು, ವಿಮಾನ ಹತ್ತಿ ಹೋಗಿ ಆನಿ ಲದ್ದಿ ಬಳದು ಬಂದೀಯಂತ. ಖರೇನ?"

"ಖರೇ ಅತ್ತಿ. ಮುಂಜಾನೆ ಲದ್ದಿ ಬಳಿಯೂದು, ಆಮ್ಯಾಲೆ ಹುಲ್ಲು ಕೊಯ್ಯೂದು, ಮಧ್ಯಾಹ್ನ ನೊಣ ಓಡಸೂದು."

"ನೊಣ?"

"ಒಂದು ಮುದುಕಿ ಆನಿ ಇತ್ತು. ಬಾಲದಾಗ ಒಂದೂ ಕೂದಲಿಲ್ಲ. ಉಂಗುರ ಮಾಡಿ ಮಾರಾಕಂತ ಕಿತ್ತು ಕಿತ್ತು ಮುಗಿಸಿದ್ರು. ಬರೀ ಬಾಲದಿಂದ ನೊಣ ಹೋಗೂದಿಲ್ಲ. ನಾನು ಸೊಪ್ಪಿನ ಟೊಂಗಿ ಹಿಡಕೊಂಡು ದಿನಾ ಅದರ ಹಿಂದ ನಿಲ್ತಿದ್ದೆ."

ಬಸವಣ್ಣೆವ್ವ ನಕ್ಕುಬಿಟ್ಟಳು. "ಕೇಳಿದ್ರಿ ಅಣ್ಣಾರ? ಮನ್ಯಾಗ ಕಸಾ ಹೊಡಿ ಅಂದ್ರ ಒಲ್ಲೆ ಅನ್ನಾಕಿ, ಪರದೇಶಕ್ಕ ಹೋಗಿ ಆನಿಗೆ ಚಾಮರ ಬೀಸಿ ಬಂದಾಳ."

ನಾನೂ ನಕ್ಕೆ. ಚಾರು ನಗಲಿಲ್ಲ. ಬಸವಣ್ಣೆವ್ವನ ಬೆರಳಿನಲ್ಲಿದ್ದ ಆನೆ ಕೂದಲಿನ ಉಂಗುರದತ್ತ ನೋಡಿ, "ಅದು ಎಲ್ಲಿಂದ ಬಂತು ಅತ್ತಿ?" ಎಂದಳು.

"ನಮ್ಮ ವಾಡಿ ಆನೀದವಾ. ಹೋದ ವರ್ಷ ಮಾಡಿಸಿದ್ದು. ನಿಮ್ಮ ದೊಡ್ಡಪ್ಪ ಈಗ ಹನ್ನೊಂದು ಮಾಡಸಾಕ ಹತ್ಯಾರ."

ಹುಡುಗಿ ನನ್ನ ಕಡೆ ತಿರುಗಿದಳು. "ದೊಡ್ಡಪ್ಪ, ಅವು ಉದುರಿದ ಕೂದಲಲ್ಲ. ಕಿತ್ತದ್ದು."

"ಅಷ್ಟು ದೊಡ್ಡ ಪ್ರಾಣಿ. ನಾಕು ಕೂದಲು ಹೋದ್ರ ಏನಾಗ್ತೈತಿ? ಅದು ಗಣಪತಿ ಸ್ವರೂಪ ಅವಾ. ಹರಕಿ ತಪ್ಪಿದ್ರ ನಿಮ್ಮ ದೊಡ್ಡವ್ವಗ ಶಾಂತಿ ಸಿಗತೈತೇನ?" ಎಂದೆ ನಾನು.

"ನೀವು ಆನಿನ ಯಾವಾಗ್ಲೂ ಮುಂದ ನಿಂತು ನೋಡೀರಿ. ಸೊಂಡಿಲು ತಲಿ ಮ್ಯಾಲೆ ಇಟ್ಟ ಕೂಡಲೆ ಕೈ ಮುಗದು ಹೊಂಟಬರ್ತೀರಿ. ಒಮ್ಮೆ ಹಿಂದ ಹೋಗಿ ನೋಡ್ರಿ. ಆಮ್ಯಾಲೆ ನಿಮ್ಮ ಇಷ್ಟ."

"ನಾನೂ ಬರ್ತೀನಿ," ಎಂದಳು ಬಸವಣ್ಣೆವ್ವ. "ಆನಿ ಹಿಂದ ಏನೈತಿ, ನೋಡೇ ಬಿಡೂಣು."

ಮರುದಿನ ಮೂವರೂ ಆಟೋದಲ್ಲಿ ವಾಡಿಗೆ ಹೋದೆವು. ಹತ್ತು ಗಂಟೆಗೇ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಆನೆ ಬಿಸಿಲಲ್ಲಿ ನಿಂತಿತ್ತು. ಒಂದು ಕಾಲು ಎತ್ತಿ ಸ್ವಲ್ಪ ಹೊತ್ತು ಹಿಡಿಯುವುದು, ಇಳಿಸುವುದು, ಇನ್ನೊಂದು ಎತ್ತುವುದು. ಇದನ್ನು ನಾನು ಮೊದಲೂ ಕಂಡಿದ್ದೆ. ಆನೆ ಕುಣಿಯುತ್ತಿದೆ ಎಂದುಕೊಂಡಿದ್ದೆ.

"ಅಂಗಾಲು ಸುಡಾಕತ್ತೈತಿ," ಎಂದಳು ಚಾರು.

ಅಭ್ಯಾಸದಂತೆ ನಾನು ಮುಂದೆ ನಿಂತು ಕೈ ಮುಗಿದೆ. ಅವಳು ನನ್ನ ರಟ್ಟೆ ಹಿಡಿದು, ಒದೆ ಬೀಳದಷ್ಟು ದೂರದಿಂದ, ಹಿಂದಕ್ಕೆ ಕರೆದೊಯ್ದಳು.

ಎರಡು ಮೂರು ಕೂದಲು ಬಿಟ್ಟರೆ ಬಾಲದ ತುದಿ ಬರಿದಾಗಿತ್ತು. ಕೂದಲಿದ್ದ ಜಾಗದಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಕೆಲವು ಇನ್ನೂ ಒಣಗಿರಲಿಲ್ಲ. ನೊಣಗಳು ಅಲ್ಲೇ ಮುತ್ತಿದ್ದವು. ಆನೆ ಬಾಲ ಬೀಸುತ್ತಿತ್ತು, ಬೀಸಿದ್ದು ಬರೀ ಕೋಲು ಬೀಸಿದಂತೆ, ಒಂದು ನೊಣವೂ ಏಳುತ್ತಿರಲಿಲ್ಲ.

ಮಾವುತ ನನ್ನ ಗುರುತು ಹಿಡಿದು ಸಂತೋಷದಿಂದ ಬಂದ. ಪತ್ರಿಕೆಯ ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದ. ಹಿಂದಿಯಲ್ಲಿ ಹೇಳಿದ: "ಒಂಬತ್ತು ಆಗಿವೆ ಬಾಬೂಜಿ. ಇನ್ನೆರಡು ಉಳಿದಿವೆ. ನಿಮ್ಮೆದುರೇ ತೆಗೆದುಕೊಡುತ್ತೇನೆ."

"ಈ ಒಂಬತ್ತನ್ನು ಯಾವಾಗ ಕಿತ್ತೆ?"

"ನೀವು ಹೇಳಿ ಹೋದ ಮೇಲೆಯೇ. ನಿಮಗಾಗಿಯೇ."

ನನಗಾಗಿಯೇ. ಬೇಡ, ಇನ್ನು ಕೀಳಬೇಡ ಎಂದೆ. ಕಿತ್ತದ್ದನ್ನು ತಿರುಗಿ ನೆಡಲು ನನ್ನಿಂದಾಗದು.

ಬಸವಣ್ಣೆವ್ವ ರಸ್ತೆಯಂಚಿನ ಬೇವಿನ ಮರದಿಂದ ಒಂದು ಟೊಂಗೆ ಮುರಿದು ತಂದು ಚಾರುವಿನ ಕೈಗೆ ಕೊಟ್ಟಳು.

ನಾವು ಅರಣ್ಯ ಇಲಾಖೆಗೆ ಹೋಗಿ ತಿಳಿಸಿದೆವು. ಮಾವುತನೂ ಬಡವ, ಅವನ ಹೊಟ್ಟೆಯ ಮೇಲೆ ಹೊಡೆಯಬೇಡಿರೆಂದು ಕೇಳಿಕೊಂಡೆವು. ಸಂಜೆ ವೈದ್ಯರು ಬಂದು ಗಾಯಕ್ಕೆ ಔಷಧ ಹಚ್ಚಿ, ಆನೆಯನ್ನು ನೆರಳಿಗೆ ಸರಿಸಿದರು. ಕೆಲವು ದಿನಗಳ ಮೇಲೆ ಅದನ್ನು ಬೇರೆ ಕಡೆಗೆ ಕಳಿಸಿದರಂತೆ. ಈಗ ಹೇಗಿದೆಯೋ ನನಗೆ ತಿಳಿಯದು.

ಪುಣ್ಯತಿಥಿಯ ದಿನ ಹನ್ನೊಂದು ಮಂದಿಯೂ ಬಂದರು. ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿಸಿದೆ. ಒಬ್ಬಾಕೆ ಮೆಲ್ಲಗೆ ಕೇಳಿದಳು, "ಉಂಗುರ ಕೊಡ್ತೀನಿ ಅಂದಿದ್ರಲ್ಲ?"

ಎಲ್ಲಿಯೂ ಸಿಗಲಿಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ ದಾಕ್ಷಾಯಿಣಿಯ ಪಟದ ಮುಂದೆ ನಿಂತಿದ್ದೆ. ವಾಡಿಯಲ್ಲಿ ಕಂಡದ್ದೆಲ್ಲ ಹೇಳಿದೆ. ಯಾರಿಗೂ ತಿಳಿಸದ ಇನ್ನೊಂದು ಮಾತನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ಉಂಗುರ ತೊಡಿಸುವಾಗ ಅವಳು ಕೇಳಿದ್ದಳು: "ಇದನ್ನ ಕೀಳೂಮುಂದ ಅದಕ್ಕ ನೋವಾಗಿಲ್ಲೇನ್ರಿ?" ದೇವರಿಗೆಂಥ ನೋವು, ಸುಮ್ಮನಿರು ಎಂದು ನಾನು ಗದರಿದ್ದೆ. ಸಾಯುತ್ತಿದ್ದವಳಿಗೆ ಆನೆಯ ನೋವು ತಿಳಿಯಿತು. ನಲವತ್ತು ವರ್ಷ ಗಣಪತಿಯ ಪೂಜೆ ಮಾಡಿದ ನನಗೆ ತಿಳಿಯಲಿಲ್ಲ.

ಬಸವಣ್ಣೆವ್ವ ತನ್ನ ಬೆರಳಿನ ಉಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಮ್ಮ ಸಂಘದಾಗ ಇನ್ನ ಯಾರೂ ಇದನ್ನ ತರೂದು ಬ್ಯಾಡ್ರಿ," ಎಂದಳು. ಉಳಿದವರು ತಲೆಯಾಡಿಸಿದರು.

ಓದುವ ಅಣ್ಣಂದಿರೇ, ಅಕ್ಕತಂಗಿಯರೇ, ಆನೆಯ ಕೂದಲು ಕೊಳ್ಳುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಮಗು ಬೆಚ್ಚಿದರೆ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಕಾಯಿಲೆಯಾದರೆ ವೈದ್ಯರಿಗೆ ತೋರಿಸಿ. ಸುಡುವ ರಸ್ತೆಯಲ್ಲಿ ಆನೆ ನಡೆಸುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಯಾರಾದರೂ ಉಂಗುರ ತಂದು ಕೊಟ್ಟರೆ ಬೇಡವೆನ್ನಿ. ಮಾವುತ ತಾನಾಗಿ ಕಿತ್ತಿರಲಿಲ್ಲ. ನಾನು ಕೇಳಿದೆ, ಅವನು ಕಿತ್ತ. ನೀವು ಕೇಳಬೇಡಿ.