ಸೇರಿಸಿ ಒಂಬತ್ತು

ಮೊದಲು ಸಾವಿನ ಸುದ್ದಿಯಿಂದ 'ಇಪ್ಪತ್ತಕ್ಕೂ ಹೆಚ್ಚು' ಹೋಯಿತು. ಆಮೇಲೆ 'ಹತ್ತಾರು'. 'ಸುಮಾರು' ಎರಡು ಕಡೆ ಇತ್ತು, ಎರಡು ಕಡೆಯೂ ಅವನು ಅದರ ಕತ್ತು ಹಿಸುಕಿದ. ಉಳಿದ ಜಾಗದಲ್ಲಿ ಒಂಬತ್ತು ಎಂದು ಬರೆದ. ಅಂಕಿಯಲ್ಲಲ್ಲ, ಅಕ್ಷರದಲ್ಲಿ.

"ಅಂಕಿಮೇಷ್ಟ್ರೇ, ಊರೆಲ್ಲ ಇಪ್ಪತ್ತು ಅಂತಿದೆ," ಎಂದರು ಸುದ್ದಿ ಸಂಪಾದಕರು, ಬೆನ್ನ ಹಿಂದೆ ನಿಂತು.

"ಊರು ಎಣಿಸಿದೆಯಾ ಸಾರ್?"

ಸುದ್ದಿ ಸಂಪಾದಕರು ತಮ್ಮ ಮೇಜಿಗೆ ಹೋಗಿ ಕೂತರು. ಎಣಿಸುವುದು ಪತ್ರಿಕೆಯವರ ಕೆಲಸವೆಂದು ಅವರು ಎಂದೂ ನಂಬಿದವರಲ್ಲ.

ಆ ಸಂಜೆಪತ್ರಿಕೆಯಲ್ಲಿ ಅವನು ಹನ್ನೊಂದು ವರ್ಷದಿಂದ ಉಪಸಂಪಾದಕ, ಹನ್ನೊಂದು ವರ್ಷದಿಂದ ನಗೆಪಾಟಲು. ಒಮ್ಮೆ ಬಸ್ಸು ಉರುಳಿದಾಗ ತಲೆಬರಹದಲ್ಲಿ ಏಳು ಜನ ಸತ್ತಿದ್ದರು, ಸುದ್ದಿಯಲ್ಲಿ ಐದು, ಚಿತ್ರದ ಕೆಳಗೆ ಆರು. ಎರಡು ಹೆಚ್ಚಾದರೆ ಓದುಗರಿಗೇನು ನಷ್ಟ ಎಂದು ಸುದ್ದಿ ಸಂಪಾದಕರು ಕೇಳಿದ್ದರು. ಆ ಇಬ್ಬರು ಅವನ ತಲೆ ಹೊಕ್ಕು ಕೂತರು. ಇಲ್ಲದೆಯೂ ಸತ್ತ ಇಬ್ಬರು. ಅವತ್ತೇ ನಿಯಮ ಬರೆಯಲು ಶುರುಮಾಡಿದ. ಒಂದರಿಂದ ಒಂಬತ್ತರವರೆಗೆ ಅಕ್ಷರ, ಹತ್ತರಿಂದ ಮೇಲೆ ಅಂಕಿ. ಅಂಕಿಯಿಂದ ವಾಕ್ಯ ಆರಂಭಿಸಕೂಡದು. ಸುಮಾರು, ಅಂದಾಜು, ಹತ್ತಾರು ಇವಕ್ಕೆ ಪ್ರವೇಶವಿಲ್ಲ. ಸಾವಿನ ಲೆಕ್ಕದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರೆ ಎಣಿಸಿ ತಾಳೆ ನೋಡಿದ್ದನ್ನು ಮಾತ್ರ ಹಾಕಬೇಕು. ಹೀಗೆ ಬೆಳೆದು ಹದಿನಾರು ಪುಟದ ಪುಸ್ತಿಕೆಯಾಯಿತು. ಸಹೋದ್ಯೋಗಿಗಳು ಅದನ್ನು ಟೀ ಲೋಟದ ಕೆಳಗೆ ಇಡುತ್ತಿದ್ದರು.

ಹೊಸ ಸಂಪಾದಕರು ಅದನ್ನು ಪೂರ್ತಿ ಓದಿದರು. ಓದಿದ ಮೊದಲ ಮನುಷ್ಯ. ನಿನ್ನೆ ಕರೆದು, ನಾಳೆ ಒಂದು ದಿನ ಇಡೀ ಪತ್ರಿಕೆ ನಿಮ್ಮ ನಿಯಮದಂತೆ ಬರಲಿ, ಒಂದೇ ಒಂದು ಸಂಖ್ಯೆ ಸುಳ್ಳಾದರೂ ಈ ಪುಸ್ತಿಕೆಯ ಮಾತು ಮತ್ತೆ ಎತ್ತಬೇಡಿ ಎಂದಿದ್ದರು. ಅವನಿಗೆ ನಿದ್ದೆ ಬಂದಿರಲಿಲ್ಲ. ಮದುವೆಗೂ ಅವನು ಇಷ್ಟು ಸಡಗರಪಟ್ಟವನಲ್ಲ.

ಇವತ್ತು ಬೆಳಿಗ್ಗೆ ಏಳಕ್ಕೆ ನೂಲಿನ ಗಿರಣಿಯ ಚಾವಣಿ ಕುಸಿಯಿತು.

ವರದಿಗಾರ ಫೋನಿನಲ್ಲಿ ಒಂಬತ್ತು ಹೆಸರು ಓದಿದ. ಅವನು ಒಂದೊಂದಾಗಿ ಬರೆದುಕೊಂಡ, ಬೆರಳಿಟ್ಟು ಮೂರು ಸಲ ಎಣಿಸಿದ. ಗಿರಣಿಯ ಹಾಜರಿ ಕಾರ್ಡುಗಳಿಗೆ ತಾಳೆಯಾಗಿದೆ ಎಂದು ವರದಿಗಾರ ಆಣೆ ಮಾಡಿದ. ಹನ್ನೆರಡಕ್ಕೆ ಮುಖಪುಟ ಅಚ್ಚಿಗೆ ಇಳಿಯಿತು. ತಲೆಬರಹದಲ್ಲಿ ಒಂಬತ್ತು, ಸುದ್ದಿಯಲ್ಲಿ ಒಂಬತ್ತು, ಚಿತ್ರದ ಕೆಳಗೆ ಒಂಬತ್ತು, ಪಕ್ಕದ ಪಟ್ಟಿಯಲ್ಲಿ ಒಂಬತ್ತು ಹೆಸರು. ಇಷ್ಟು ಚೆಂದದ ಪುಟವನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮಗುವಿನ ಕೆನ್ನೆ ಸವರುವಂತೆ ಅದನ್ನು ಒಮ್ಮೆ ಸವರಿದ.

ಹನ್ನೆರಡೂ ಇಪ್ಪತ್ತಕ್ಕೆ ಜೇಬಿನ ಫೋನು ಅಲುಗಿತು.

ಅಕ್ಕ. ನಾಲ್ಕು ತಿಂಗಳಿಂದ ಮಾತಿರಲಿಲ್ಲ. ಜಗಳವೇನಲ್ಲ, ಮಾತಾಡುವಂಥದ್ದೇನೂ ಇರಲಿಲ್ಲ, ಅಷ್ಟೆ. ಭಾವನಿಗೆ ಕೆಲಸ ಹೋಗಿದೆ ಎಂದು ಯಾರೋ ಹೇಳಿದ್ದರು. ಕೇಳೋಣವೆಂದುಕೊಂಡಿದ್ದ, ಕೇಳಿರಲಿಲ್ಲ.

ಅಕ್ಕ ಅಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದೇನೆ ಎಂದಳು. ಭಾವ ಮೂರು ವಾರದಿಂದ ಗಿರಣಿಗೆ ಬದಲಿ ಹೋಗುತ್ತಿದ್ದನಂತೆ. ಒಳಗಿನವರು ಯಾರಾದರೂ ರಜೆ ಹಾಕದೆ ಮನೆಯಲ್ಲಿ ಉಳಿದರೆ, ಅವರ ಕಾರ್ಡು ಒತ್ತಿ ಅವರ ಹೆಸರಿನಲ್ಲಿ ದುಡಿದು ಬರುವುದು. ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ಪದ್ಧತಿ. ಕೆಲವು ದಿನ ಕಾರ್ಡೇ ಇಲ್ಲದೆ ಹಿಂದಿನ ಬಾಗಿಲಿನಿಂದಲೂ ಬಿಡುತ್ತಿದ್ದರಂತೆ. ಇವತ್ತು ಹೇಗೆ ಒಳಗೆ ಹೋದನೋ ಅವಳಿಗೆ ತಿಳಿಯದು. ಸಾಲಿನಲ್ಲಿ ಮಲಗಿಸಿದ್ದಾರೆ, ನೋಡಿದೆ, ಅವರೇ, ಎಂದಳು. ಪಟ್ಟಿಯಲ್ಲಿ ಹೆಸರಿಲ್ಲ, ಪಕ್ಕಕ್ಕೆ ನಿಲ್ಲಿ ಅನ್ನುತ್ತಾನಂತೆ ಗುಮಾಸ್ತ.

"ನೀನು ಪೇಪರಿನವನು. ನಿನಗೆ ಗೊತ್ತಿರುತ್ತೆ," ಎಂದಳು ಅಕ್ಕ. "ಇಲ್ಲಿ ಒಂಬತ್ತು ಅಂತಿದಾರಲ್ಲ, ಅದು ಇವರನ್ನ ಸೇರಿಸೀನೋ, ಬಿಟ್ಟೋ?"

ಅವನ ಎದೆ ಧಸಕ್ಕೆಂದಿತು. ಆದರೆ ಅದು ಭಾವನಿಗಾಗಿ ಅಲ್ಲ. ಹಾಗೆಂದು ಅವನಿಗೆ ಆಗಲೇ ತಿಳಿಯಿತು. ತಿಳಿದು ನಾಚಿಕೆಯಾಯಿತು, ಆದರೆ ನಾಚಲು ಬಿಡುವಿರಲಿಲ್ಲ. ಭಾವ ಕಾರ್ಡಿಲ್ಲದೆ ಹೋಗಿದ್ದರೆ ಹತ್ತು. ಹತ್ತಾದರೆ ತಲೆಬರಹ ಸುಳ್ಳು, ಸುದ್ದಿ ಸುಳ್ಳು, ಹನ್ನೊಂದು ವರ್ಷ ಸುಳ್ಳು. ಆರಡಿ ದೂರದಲ್ಲಿ ಸುದ್ದಿ ಸಂಪಾದಕರು ಉಗುರು ನೋಡಿಕೊಳ್ಳುತ್ತಿದ್ದರು.

"ಇರು ಅಕ್ಕ, ಇಡಬೇಡ," ಎಂದ.

ಒಂದು ಕಿವಿಯಲ್ಲಿ ಅಕ್ಕನನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಕಿವಿಗೆ ಮೇಜಿನ ಫೋನು ಹಚ್ಚಿ ಆಸ್ಪತ್ರೆಯ ಗುಮಾಸ್ತನನ್ನು ಹಿಡಿದ. ಪಟ್ಟಿ ಬೇಡ, ದೇಹಗಳನ್ನು ಎಣಿಸಿ ಬನ್ನಿ ಎಂದ. ಗುಮಾಸ್ತ ಗೊಣಗಿದ. ಪತ್ರಿಕೆಯ ಹೆಸರು ಕೇಳಿದ ಮೇಲೆ ಎದ್ದ. ಫೋನನ್ನು ಮೇಜಿನ ಮೇಲಿಟ್ಟ ಸದ್ದು ಬಂತು, ಚಪ್ಪಲಿಯ ಸದ್ದು ದೂರವಾಯಿತು.

ಒಂದು ಕಿವಿಯಲ್ಲಿ ಅಕ್ಕನ ಉಸಿರು. ಇನ್ನೊಂದರಲ್ಲಿ ಏನೂ ಇಲ್ಲ. ಕೆಳಗೆ ಅಚ್ಚಿನ ಯಂತ್ರ ಗುಡುಗಲು ಶುರುವಾಗಿ ಮೇಜಿನ ಮೇಲಿನ ಪೆನ್ನುಗಳು ನಡುಗಿದವು. ಅವನು ದೇವರನ್ನು ನಂಬುವವನಲ್ಲ. ಆದರೂ ಯಾರನ್ನೋ ಬೇಡಿಕೊಂಡ. ಭಾವ ಬದುಕಿರಲಿ ಎಂದಲ್ಲ, ಆ ಕಾಲ ಮುಗಿದಿತ್ತು. ಭಾವ ಆ ಒಂಬತ್ತರೊಳಗಿರಲಿ ಎಂದು.

ಚಪ್ಪಲಿಯ ಸದ್ದು ಹತ್ತಿರ ಬಂತು.

"ಒಂಬತ್ತೇ ಸ್ವಾಮಿ. ಬೇಕಾದ್ರೆ ನೀವೇ ಬಂದು ಎಣಿಸ್ಕೊಳ್ಳಿ."

"ಸೇರಿಸಿ, ಅಕ್ಕ," ಎಂದು ಅವನು ಕೂಗಿದ. "ಸೇರಿಸಿಯೇ ಒಂಬತ್ತು!"

ಹನ್ನೊಂದು ವರ್ಷದಲ್ಲಿ ಆ ಕೋಣೆ ಅವನ ದನಿ ಏರಿದ್ದನ್ನು ಕೇಳಿರಲಿಲ್ಲ. ಏನೆಂದು ತಿಳಿಯದವರೂ ಚಪ್ಪಾಳೆ ತಟ್ಟಿದರು. ಅವನು ಎದ್ದು ನಿಂತಿದ್ದ, ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

ಚಪ್ಪಾಳೆ ಅಕ್ಕನಿಗೂ ಕೇಳಿಸಿರಬೇಕು.

"ಹಂಗಾದ್ರೆ ಲೆಕ್ಕದಲ್ಲಿ ಇದ್ದಾರೆ ಅಂತಾಯ್ತು," ಎಂದಳು. "ಬಾ. ಬಂದು ಅವರ ಹೆಸರು ಹೇಳು. ನಾನು ಹೇಳಿದ್ರೆ ಕೇಳ್ತಿಲ್ಲ."

ಬರುತ್ತೇನೆ ಎಂದ. ಫೋನಿಟ್ಟ ಮೇಲೆ ಹೊಳೆಯಿತು: ಹಾಗಾದರೆ ಮುಖಪುಟದ ಪಟ್ಟಿಯಲ್ಲಿ ಬದುಕಿರುವವನೊಬ್ಬನಿದ್ದಾನೆ. ಎಲ್ಲೋ ಮನೆಯ ಬಾಗಿಲು ಹಾಕಿಕೊಂಡು ಹೆದರಿ ಕುಳಿತವನು. ಯಂತ್ರ ನಿಲ್ಲಿಸಿ ಎನ್ನಬೇಕು. ಮೆಟ್ಟಿಲಿನವರೆಗೂ ಹೋದ. ಒಂದು ಹೆಸರು ತೆಗೆದು ಒಂದು ಹೆಸರು ಹಾಕಿದರೆ ಸಂಖ್ಯೆಯೇನೂ ಬದಲಾಗುವುದಿಲ್ಲ. ಆದರೆ ಒಂದು ತಪ್ಪು ಒಪ್ಪಿಕೊಂಡರೆ ಉಳಿದದ್ದನ್ನು ಯಾರು ನಂಬುತ್ತಾರೆ? ಅವನ ಪುಸ್ತಿಕೆ ಸಂಖ್ಯೆಗಳದ್ದು. ಹೆಸರುಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮೆಟ್ಟಿಲಿನಿಂದ ಹಿಂತಿರುಗಿ ಬಂದು ಕುಳಿತ. ಕೂರುವುದು ಅವನಿಗೆ ಸುಲಭವಾಯಿತು.

ಒಂದೂವರೆಗೆ ಸರಕಾರಿ ಹೇಳಿಕೆ ಬಂತು. ಸತ್ತವರು ಒಂಬತ್ತು.

ಎದುರಾಳಿ ಪತ್ರಿಕೆಗಳು ಆಗಲೇ ಬೀದಿಗೆ ಬಿದ್ದಿದ್ದವು, ಒಂದರಲ್ಲಿ ಹದಿನಾಲ್ಕು, ಇನ್ನೊಂದರಲ್ಲಿ ಇಪ್ಪತ್ತು. ಸಂಪಾದಕರು ಮೂರನ್ನೂ ಅಕ್ಕಪಕ್ಕ ಹಿಡಿದುಕೊಂಡು ಕೋಣೆಯ ನಡುವೆ ಬಂದು ನಿಂತರು. ಈ ಪಟ್ಟಣದಲ್ಲಿ ಇವತ್ತು ನಿಜ ಹೇಳಿದ್ದು ಒಂದೇ ಪತ್ರಿಕೆ ಎಂದರು. ನಾಳೆಯಿಂದ ಪ್ರತಿ ಮೇಜಿನ ಮೇಲೂ ಪುಸ್ತಿಕೆ ಇರತಕ್ಕದ್ದು, ಲೋಟದ ಕೆಳಗಲ್ಲ ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಸುದ್ದಿ ಸಂಪಾದಕರು ಎದ್ದು ಬಂದು ಕೈ ಕುಲುಕಿದರು.

"ಗೆದ್ದಿರಿ ಮೇಷ್ಟ್ರೇ. ಮನೆಯವರಿಗೆ ಹೇಳಿದ್ರಾ?"

"ಹೇಳಿದೆ ಸಾರ್. ಅಕ್ಕನಿಗೆ ಮೊದಲು ಹೇಳಿದೆ."

ಇನ್ನಿಬ್ಬರು ಬಂದು ಕೈ ಕೊಟ್ಟರು. ಅವನ ಪಾಲಿನ ಟೀ ಆರಿಹೋಗಿತ್ತು, ಯಾರೋ ಬಿಸಿಯದು ತಂದಿಟ್ಟರು. ಕುಡಿದೇ ಹೊರಟ. ಆಸ್ಪತ್ರೆಯ ಗೇಟಿಗೆ ಬಂದಾಗ ಮೂರು ಗಂಟೆ. ಬಿಸಿಲು ರಾಚುತ್ತಿತ್ತು, ಗೇಟಿನ ಮುಂದೆ ಜನವೋ ಜನ. ಭಾವನ ಮುಖ ನೆನೆಸಿಕೊಳ್ಳಲು ದಾರಿಯುದ್ದಕ್ಕೂ ಪ್ರಯತ್ನಿಸಿದ್ದ, ಕನ್ನಡಕ ಮಾತ್ರ ನೆನಪಾಗುತ್ತಿತ್ತು. ಎದೆಯೊಳಗೆ ಮಾತ್ರ ಸಂತೋಷ ಉಕ್ಕುತ್ತಲೇ ಇತ್ತು, ಅದುಮಿದಷ್ಟೂ ಉಕ್ಕುತ್ತಿತ್ತು.

ಗೇಟಿನ ಪಕ್ಕ ನರೆಗಡ್ಡದ ಒಬ್ಬ ಮುದುಕ ಪತ್ರಿಕೆ ಮಾರುತ್ತಿದ್ದ. ಅವರದೇ ಪತ್ರಿಕೆ.

"ಇಪ್ಪತ್ತು ಸಾವು, ಇಪ್ಪತ್ತು ಸಾವು," ಎಂದು ಕೂಗುತ್ತಿದ್ದ.

ಅವನು ನಿಂತುಬಿಟ್ಟ. ಪುಟದಲ್ಲಿ ಒಂಬತ್ತು ಎಂದು ಇದೆಯಲ್ಲ, ಓದಲು ಬರುವುದಿಲ್ಲವೇ ಎಂದು ಕೇಳಿದ. ಬರುತ್ತದೆ ಎಂದ ಮುದುಕ.

"ಒಂಬತ್ತಕ್ಕೆ ಯಾರು ನಿಲ್ತಾರೆ ಸ್ವಾಮಿ?"

ಅವನು ಮುದುಕನ ತೋಳಿನಿಂದ ಕಟ್ಟನ್ನು ಕಿತ್ತುಕೊಂಡ. "ಒಂಬತ್ತು," ಎಂದ. ದನಿ ಮೊದಲು ಒಡೆಯಿತು, ಆಮೇಲೆ ಬಿಚ್ಚಿಕೊಂಡಿತು. "ಒಂಬತ್ತು. ಎಣಿಸಿದ್ದು. ಒಂಬತ್ತು." ಜನ ತಿರುಗಿ ನೋಡಿದರು. ಒಬ್ಬ ಕೈ ಚಾಚಿದ, ಅವನ ಹಿಂದೆ ಇನ್ನೊಬ್ಬ. ಮುದುಕ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದ. ಅವನು ಮುಖ ನೋಡದೆ ಕೈಗಳಿಗೆ ಪತ್ರಿಕೆ ಕೊಡುತ್ತ ಹೋದ. ಗೇಟಿನ ಒಳಗಿನಿಂದ ಒಂದು ಹೆಂಗಸಿನ ಕೈ ಬಂತು. ಅವಳ ಇನ್ನೊಂದು ಕೈಯಲ್ಲಿ ಧೂಳು ಮೆತ್ತಿದ ಒಂದು ಜೊತೆ ಗಂಡಸಿನ ಚಪ್ಪಲಿಯಿತ್ತು, ಅದರ ಮೇಲೊಂದು ಕನ್ನಡಕವಿತ್ತು. ಅವನು ಆ ಕೈಗೂ ಒಂದು ಪತ್ರಿಕೆ ಕೊಟ್ಟ, ಮತ್ತೆ ದನಿ ಎತ್ತಿದ.